ಅಜ್ಜಿಯ ಗೇಣು, ಮಗಳ ಗೇಣು

ಮೃಗಶಿರ ಮಳೆ ಹುಯ್ದ ಮಾರನೆಯ ಬೆಳಿಗ್ಗೆ ನಮ್ಮತ್ತೆ ಹೊಲದ ಬದುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನ ತುದಿಯಿಂದ ಮಣ್ಣು ಕೆದಕುತ್ತಿದ್ದರು. ತೇವ ಎಲ್ಲಿಯವರೆಗೆ ಇಳಿದಿದೆ ಎಂದು ನೋಡದೆ ಅವರು ಯಾರಿಗೂ ಉಳುಮೆಗೆ ಹೇಳಿ ಕಳಿಸುವುದಿಲ್ಲ. ಒಣಮಣ್ಣು ಸಿಕ್ಕಿದ ಕೂಡಲೇ ಗುಂಡಿಯೊಳಕ್ಕೆ ಕೈ ಇಳಿಬಿಟ್ಟು ಅಳೆದು, "ಒಂದು ಗೇಣು ನೆನೆದೈತೆ, ಉಳಬೌದು" ಅಂದರು. ಆಗ ನನ್ನ ಮಗಳಿಗೆ ನಾಲ್ಕೂವರೆ ವರ್ಷ. ತಾನೂ ಅದೇ ಗುಂಡಿಗೆ ಕೈ ಇಳಿಸಿದಳು. ಅವಳ ಲೆಕ್ಕಕ್ಕೆ ಒಂದು ಗೇಣು ಮುಗಿದು ಮೇಲೆ ಇನ್ನೂ ಅರ್ಧ ಗೇಣು ಬಂತು.

"ಯಾರ ಗೇಣು ಸರಿ, ಅಜ್ಜಿ?"

"ಉಳೋರ ಗೇಣು ಸರಿ ಮಗಾ."

ಅವಳಿಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಅಜ್ಜಿಯ ಕೈಯನ್ನು ಜಗಲಿಯ ಮೇಲೆ ಹರಡಿಸಿ, ಪಕ್ಕದಲ್ಲಿ ಹೊಂಗೆಯ ಕಡ್ಡಿಯೊಂದನ್ನು ಇಟ್ಟು, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸರಿಯಾಗಿ ಮುರಿಸಿಕೊಂಡಳು. ಆ ಕಡ್ಡಿ ಈಗಲೂ ನಮ್ಮ ಮನೆಯ ಬಾಗಿಲ ಸಂದಿಯಲ್ಲಿದೆ. ಅದರ ಹೆಸರು ಅಜ್ಜಿಗೇಣು. ಮಣ್ಣಿನ ತೇವ, ರಾಗಿ ಪೈರಿನ ಎತ್ತರ, ತಮ್ಮನ ಎತ್ತರ, ಎಲ್ಲವನ್ನೂ ಅವಳು ಆ ಕಡ್ಡಿಯಲ್ಲೇ ಅಳೆದಳು. ಅಳತೆಗೆ ಎಲ್ಲರೂ ಒಪ್ಪಿದ ಒಂದು ಕಡ್ಡಿ ಬೇಕು ಎಂಬುದನ್ನು ನಾನು ಅವಳಿಗೆ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಅಷ್ಟು ಚೆನ್ನಾಗಿ ಹೇಳಲು ಬರುತ್ತಲೂ ಇರಲಿಲ್ಲ.

ನಮ್ಮದು ಡೆಂಕಣಿಕೋಟೆ ಹತ್ತಿರದ ಹಳ್ಳಿ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆ ನಮ್ಮದು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ಬೀದಿಯ ಆ ತುದಿಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು. ಒಂದೇ ರಾಗಿಹಿಟ್ಟು ನಮ್ಮ ಒಲೆಯ ಮೇಲೆ ಮುದ್ದೆ, ಪಕ್ಕದ ಮನೆಯಲ್ಲಿ ಕಳಿ, ಅದರ ಪಕ್ಕದ ಮನೆಯಲ್ಲಿ ಸಂಗಟಿ. ಹೊಸೂರಿನ ಹೆಸರನ್ನೇ ನೋಡಿ. ಹೊಸ ಊರು ಹೊಸೂರು. ತಮಿಳಿನ ಬಸ್ಸಿನ ಬೋರ್ಡಿನಲ್ಲಿ ಅದು ಓಸೂರ್. ಹೊಸೂರು, ಪುದೂರು, ಕೊತ್ತೂರು ಮೂರಕ್ಕೂ ಅರ್ಥ ಒಂದೇ. ಇಂಥ ಊರಲ್ಲಿ ಹುಟ್ಟಿದ ಮಗುವಿಗೆ ಮೂರು ಮಾತು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಬಿಟ್ಟಿ ಸಿಕ್ಕಿದ್ದು ಉಳಿಯಬೇಕಾದರೆ ಅದಕ್ಕೊಂದು ಕೆಲಸ ಇರಬೇಕು.

ಮನೆಯಲ್ಲೇ ಕಲಿಸುವ ನಿರ್ಧಾರಕ್ಕೆ ನಾವು ಬಂದದ್ದು ಮಳೆಯ ಕಾರಣದಿಂದ. ಮೂರೂವರೆ ವರ್ಷಕ್ಕೆ ಅವಳನ್ನು ಒಂದು ಇಂಗ್ಲಿಷ್ ನರ್ಸರಿಗೆ ಸೇರಿಸಿದ್ದೆವು. ಏಳೂವರೆಗೆ ವ್ಯಾನು. ಜೂನ್ ತಿಂಗಳಲ್ಲಿ ಒಂದು ದಿನ ಅಲ್ಲಿ 'ಮಳೆಗಾಲದ ದಿನ' ಆಚರಿಸಿದರು. ಮಕ್ಕಳು ನೀಲಿ ಬಟ್ಟೆ ಹಾಕಿಕೊಂಡು ಬರಬೇಕು, ಹತ್ತಿಯಲ್ಲಿ ಮೋಡ ಅಂಟಿಸಬೇಕು, ಬಣ್ಣದ ಕಾಗದದಲ್ಲಿ ಕೊಡೆ ಕತ್ತರಿಸಬೇಕು. ಅವತ್ತೇ ಹೊರಗೆ ನಿಜವಾದ ಮಳೆ ಬಂತು. ಮಕ್ಕಳು ನೆನೆದಾರೆಂದು ಕಿಟಕಿ ಬಾಗಿಲು ಹಾಕಿದರಂತೆ. ಸಂಜೆ ಅವಳು ಹತ್ತಿಯ ಮೋಡವನ್ನು ನನ್ನ ಕೈಗಿಟ್ಟು, "ಮಳೆ ಸದ್ದು ಕೇಳ್ತಿತ್ತು, ನೋಡೋಕೆ ಬಿಡಲಿಲ್ಲ" ಅಂದಳು. ಆ ಟೀಚರಮ್ಮನನ್ನು ನಾನು ದೂರುವುದಿಲ್ಲ. ಮೂವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವವರಿಗೆ ಮಳೆಯಲ್ಲಿ ಕರೆದುಕೊಂಡು ಹೋಗು ಎನ್ನುವುದು ನ್ಯಾಯವಲ್ಲ. ಆದರೆ ಮೂರೂವರೆ ವರ್ಷದ ನನ್ನ ಮಗು ಮಳೆ ನೋಡಬೇಕಾದ ವಯಸ್ಸಿನಲ್ಲಿ ಹತ್ತಿ ಅಂಟಿಸುತ್ತಾ ಕೂರುವುದು ನನಗೆ ಬೇಡವಾಗಿತ್ತು.

ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳದ್ದು. ಆ ವಯಸ್ಸಿನ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರಲ್ಲಿ ಬರೆದಿದೆ. ಆರಕ್ಕೆ ಮೊದಲಿನ ವರ್ಷಗಳು ಮನೆಯವು. ಹಾಗಾದರೆ ಆ ವರ್ಷಗಳನ್ನು ಮನೆ ತೆಗೆದುಕೊಳ್ಳಲಿ ಎಂದು ನಾನೂ ನನ್ನ ಗಂಡನೂ ತೀರ್ಮಾನಿಸಿದೆವು. ಪಠ್ಯ ಯಾವುದು ಎಂದು ಒಂದು ವಾರ ಯೋಚಿಸಿದೆ. ಬೆಂಗಳೂರಿನ ಗೆಳತಿಯೊಬ್ಬಳು ಮರದ ಮಣಿ, ಅಕ್ಷರದ ಬಿಲ್ಲೆಗಳ ಪೆಟ್ಟಿಗೆ ಕಳಿಸಿದಳು. ಚೆನ್ನಾಗಿಯೇ ಇತ್ತು. ಆದರೆ ಪಠ್ಯ ನಮ್ಮತ್ತೆಯ ಬಾಯಲ್ಲಿ ಮೊದಲೇ ಇತ್ತು.

ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ. ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ನವೆಂಬರಿನ ವಿಶಾಖದವರೆಗೆ ಹದಿನಾರು ಮಳೆ. ಪ್ರತಿಯೊಂದಕ್ಕೂ ಒಂದು ಸ್ವಭಾವ, ಒಂದು ಕೆಲಸ, ಒಂದು ಗಾದೆ. ಭರಣಿ ಸುರಿದರೆ ಧರಣಿ ಬದುಕೀತು ಎಂದು ಅತ್ತೆ ಹೇಳುವಾಗ ಮಗಳು ಧರಣಿ ಯಾರು ಎಂದು ಕೇಳಿದ್ದಳು. ನಾನೊಂದು ದಪ್ಪ ನೋಟುಪುಸ್ತಕ ಹೊಲಿದು, ಮಳೆಗೊಂದು ಹಾಳೆ ಎಂದು ಗುರುತು ಮಾಡಿದೆ. ಅಂಗಳದಲ್ಲಿ ನೆಟ್ಟಗೆ ನಿಲ್ಲುವ, ತಳ ಸಮವಾಗಿರುವ ಒಂದು ಗಾಜಿನ ಬಾಟಲಿ ಇಟ್ಟೆವು. ಮಳೆ ನಿಂತ ಮೇಲೆ ನೀರು ಎಷ್ಟು ಬೆರಳು ನಿಂತಿದೆ ಎಂದು ನೋಡಿ ಅಷ್ಟು ಗೆರೆ ಎಳೆಯುವುದು ಅವಳ ಕೆಲಸ. ಬೆರಳೂ ಗೇಣಿನ ಹಾಗೇ ಯಾರದ್ದೆಂಬ ಜಗಳ ತರುತ್ತದೆಂದು ಅವಳಿಗೆ ಹೊಳೆದು, ಬಾಟಲಿಗೆ ಅಜ್ಜಿಯ ಬೆರಳಗಲದ ಗುರುತು ಹಚ್ಚಿಸಿದಳು. ಎರಡು ವರ್ಷ ಕಳೆದ ಮೇಲೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, "ಹೋದ ವರ್ಷ ಆರಿದ್ರ ಬಂದಿತ್ತು, ಈ ವರ್ಷ ಬರೀ ಮೋಡ" ಎಂದು ಅವಳೇ ಓದಿದಳು.

ರಾಗಿ ಬಿತ್ತನೆ ಪುನರ್ವಸು ಪುಷ್ಯದ ಹೊತ್ತಿಗೆ. ಕೂರಿಗೆಯ ಹಿಂದೆ ಬೀಜ ಬಿಡುವ ಸಡ್ಡೆ ಕಟ್ಟಿಕೊಂಡು ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು, ಜೋಳ ಬಿಡುವುದು ನಮ್ಮ ಕಡೆಯ ಪದ್ಧತಿ. ಈಗ ಟ್ರಾಕ್ಟರಿನಲ್ಲಿ ಉಳುತ್ತಾರೆ, ಅಕ್ಕಡಿ ಸಾಲು ಕಡಿಮೆಯಾಗಿದೆ. ನಾವು ಎರಡು ಗುಂಟೆಯಷ್ಟು ಜಾಗದಲ್ಲಿ ಮಕ್ಕಳಿಗೋಸ್ಕರವೇ ಎತ್ತು ಕಟ್ಟಿ ಹಳೆಯ ರೀತಿಯಲ್ಲಿ ಬಿತ್ತಿಸಿದೆವು. ಇಲ್ಲಿ ನಾನು ಕಲಿತ ಸಂಗತಿ ಒಂದಿದೆ. ಕೂರಿಗೆ, ಸಡ್ಡೆ, ಅಕ್ಕಡಿ ಎಂಬ ಮಾತುಗಳನ್ನು ನಾನು ಚಿತ್ರ ಬರೆದು ಹತ್ತು ಸಲ ಹೇಳಿದ್ದರೆ ಅವಳು ಹತ್ತು ಸಲ ಮರೆಯುತ್ತಿದ್ದಳು. ಸಡ್ಡೆಯ ಬಾಯಿಗೆ ಒಂದೊಂದೇ ಅವರೆಬೀಜ ಬಿಡುತ್ತಾ ನೂರು ಹೆಜ್ಜೆ ನಡೆದವಳಿಗೆ ಆ ಮಾತು ಮರೆಯುವುದಿಲ್ಲ. ಗಡಿಯಲ್ಲಿ ಕನ್ನಡ ಸೊರಗುತ್ತಿದೆ ಎಂದು ಹೊಸೂರಿನ ಸಭೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ. ಮಾತು ಮೊದಲು ಸಾಯುವುದು ಬಾಯಲ್ಲಲ್ಲ, ಕೈಯಲ್ಲಿ. ಮೊರ ಹಿಡಿಯದ ಮನೆಯಲ್ಲಿ ಕೇರುವುದು, ಕೊಚ್ಚುವುದು, ಹಸನು ಮಾಡುವುದು ಎಂಬ ಮೂರು ಕ್ರಿಯಾಪದಗಳು ಒಂದೇ ದಿನ ತೀರಿಹೋಗುತ್ತವೆ. ಅವನ್ನು ಯಾವ ಭಾಷಣವೂ ವಾಪಸು ತರಲಾರದು. ಮಗುವಿನ ಕೈಗೆ ಮೊರ ಕೊಟ್ಟರೆ ಬರುತ್ತವೆ.

ಮಾರ್ಗಶಿರ ಬಂತೆಂದರೆ ನಮ್ಮ ಶಾಲೆಗೆ ಅವರೆಕಾಯಿಯ ಹಬ್ಬ. ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡು ಬೆರಳಿಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ, ಹೋಗಲಿ ಎಂದು ಯಾರಿಗೂ ಆಸೆಯಿಲ್ಲ. ಜಗಲಿಯ ಮೇಲೆ ಗೋಣಿಚೀಲ ಹಾಸಿ ಕಾಯಿ ಸುರಿಯುತ್ತೇವೆ. ಒಂದು ಸಂಜೆ ಮಗಳು ಸುಲಿದ ಸಿಪ್ಪೆಗಳನ್ನು ಎಸೆಯದೆ ಸಾಲಾಗಿ ಜೋಡಿಸತೊಡಗಿದಳು. ಎರಡು ಕಾಳಿನವು ಒಂದು ಸಾಲು, ಮೂರು ಕಾಳಿನವು ಇನ್ನೊಂದು, ನಾಲ್ಕು, ಐದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾಲ್ಕು ಕಾಳಿನ ಸಾಲು ಜಗಲಿಯ ಅಂಚು ದಾಟಿ ಮೆಟ್ಟಿಲಿಗೆ ಇಳಿದಿತ್ತು, ಎರಡು ಕಾಳಿನದು ಒಂದು ಮೊಳವೂ ಆಗಿರಲಿಲ್ಲ. ತಮ್ಮ ಒಂದು ಕಾಯಿಯಲ್ಲಿ ಆರು ಕಾಳು ಕಂಡು ಕಿರುಚಿದ. ಆ ಒಂದೇ ಸಿಪ್ಪೆಗೆ ಅವಳು ಒಂದು ಸಾಲು ಬಿಟ್ಟುಕೊಟ್ಟಳು. ನಾನು ಕಾಲೇಜಿನಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದು ಅರ್ಥವಾಗದೆ ಬಿಟ್ಟದ್ದು ನಮ್ಮ ಜಗಲಿಯ ಮೇಲೆ ಹಸಿರಾಗಿ ಬಿದ್ದಿತ್ತು.

ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಹಿತುಕುವುದು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಚಿಮ್ಮುತ್ತದೆ. ಜೋರಾಗಿ ಒತ್ತಿದರೆ ನುಚ್ಚಾಗುತ್ತದೆ, ಮೆತ್ತಗೆ ಒತ್ತಿದರೆ ಏನೂ ಆಗುವುದಿಲ್ಲ. ಪೆನ್ಸಿಲ್ ಹಿಡಿಯುವ ಮೂರು ಬೆರಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಾಣೆ. ಒಂದು ಸೇರು ಕಾಳು ಹಿತುಕಿದ ಮಗು ಅಕ್ಷರ ಬರೆಯಲು ಕೂತಾಗ ಅದರ ಬೆರಳು ನಡುಗುವುದಿಲ್ಲ. ಸೇರು ಎಂದೆನಲ್ಲ, ಭಿನ್ನರಾಶಿಯೂ ಅಲ್ಲೇ. ಎರಡು ಅಚ್ಚೇರಿಗೆ ಒಂದು ಸೇರು, ನಾಲ್ಕು ಪಾವಿಗೆ ಒಂದು ಸೇರು. ನಮ್ಮ ಮನೆಯ ಹಿತ್ತಾಳೆ ಪಾವನ್ನು ನಾಲ್ಕು ಸಲ ಸುರಿದು ನೋಡಿ, ಐದನೆಯದು ಹಿಡಿಸುವುದಿಲ್ಲ ಎಂದು ನಾಲ್ಕು ವರ್ಷದ ಮಗನೂ ಹೇಳುತ್ತಾನೆ.

ಮಾಘದಲ್ಲಿ ಹುಣಸೆಹಣ್ಣು ಕುಟ್ಟುವ ಕೆಲಸ. ಬೀಜವೆಲ್ಲ ಮಕ್ಕಳ ಪಾಲು. ಕಲ್ಲಿನ ಮೇಲೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ನಾಲ್ಕು ಕವಡೆ ಸಿದ್ಧ. ತೇಯ್ದ ಬೀಜವನ್ನು ತಮ್ಮನ ತೋಳಿಗೆ ಚುರುಕ್ಕನೆ ಮುಟ್ಟಿಸಿ, ಅವನು ಅತ್ತು, ಉಜ್ಜಿದರೆ ಯಾಕೆ ಬಿಸಿಯಾಗುತ್ತದೆ ಎಂಬ ಪ್ರಶ್ನೆ ಅಡಿಗೆಮನೆಗೆ ಬಂದದ್ದೂ ಉಂಟು.

ಈ ಹುಣಸೆ ಬೀಜದ ರಾಶಿಯ ಪಕ್ಕದಲ್ಲೇ ಇನ್ನೊಂದು ನಡೆಯಿತು. ಪಕ್ಕದ ಮನೆಯ ತಮಿಳು ಅಕ್ಕ ಬಂದು ಹಣ್ಣು ಬಾಯಿಗಿಟ್ಟು "ಶೆಮ ಪುಳಿ" ಎಂದು ಕಣ್ಣು ಮುಚ್ಚಿದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮಾ, ಅಕ್ಕನ ಪುಳಿ ನಮ್ಮ ಹುಳಿ." ಆಮೇಲೆ ನಿಲ್ಲಲಿಲ್ಲ. ಅವರ ಪಾಲು ನಮ್ಮ ಹಾಲು. ಅವರ ಪಲ್ಲು ನಮ್ಮ ಹಲ್ಲು. ಪುಲಿ ಹುಲಿ, ಪೂ ಹೂ. ಇಡೀ ಸಂಜೆ ಕಂಡಕಂಡ ಮಾತಿನ ಪಕಾರ ಕಿತ್ತು ಹಕಾರ ಇಟ್ಟು ನೋಡಿದಳು, ಕೆಲವು ಕೂತವು, ಕೆಲವು ಕೂರಲಿಲ್ಲ. ಹಳಗನ್ನಡದಲ್ಲಿ ನಾವೂ ಪಾಲು, ಪುಲಿ ಎನ್ನುತ್ತಿದ್ದೆವು ಎಂದು ಭಾಷಾಶಾಸ್ತ್ರ ಓದಿದವರು ಹೇಳುವುದನ್ನು ಐದು ವರ್ಷದ ಹುಡುಗಿ ಹುಣಸೆಹಣ್ಣಿನ ಮುಂದೆ ಕೂತು ಅರ್ಧದಷ್ಟು ಕಂಡುಕೊಂಡಿದ್ದಳು. ಮೂರು ಭಾಷೆಯ ಮಕ್ಕಳಿಗೆ ಗೊಂದಲವಾಗುತ್ತದೆ ಎನ್ನುವವರನ್ನು ನಮ್ಮ ಬೀದಿಗೆ ಕರೆತರಬೇಕು.

ಆನೆಯ ವಿಷಯ ಹೇಳದಿದ್ದರೆ ನಮ್ಮ ಊರಿನ ಕಥೆ ಪೂರ್ತಿಯಾಗುವುದಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿನ ಮೂಲಕ ಹಿಂಡುಗಳು ಇಳಿಯುತ್ತವೆ. ರಾತ್ರಿಯಿಡೀ ಪಟಾಕಿ, ತಮಟೆ. ಹೋದ ಕಾರ್ತೀಕದಲ್ಲಿ ನೆರೆಯವರ ಅರ್ಧ ಎಕರೆ ರಾಗಿ ಒಂದೇ ರಾತ್ರಿಯಲ್ಲಿ ಹೋಯಿತು. ಹಿಂಡು ಕಾಡು ಸೇರಿತು ಎಂದು ಅರಣ್ಯ ಇಲಾಖೆಯ ಕಾವಲಿನವರು ಹೇಳಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋದೆ. ಕೆಸರಿನಲ್ಲಿ ಮುಂಗಾಲಿನ ಒಂದು ಹೆಜ್ಜೆ, ಅಂಚು ಕೊರೆದಿಟ್ಟ ಹಾಗೆ ಸ್ಪಷ್ಟವಾಗಿತ್ತು. ಆನೆಯ ಮುಂಗಾಲಿನ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ ಎಂಬ ಲೆಕ್ಕ ಕಾಡಿನವರಿಗೆಲ್ಲ ಗೊತ್ತು. ಹುರಿಯನ್ನು ಹೆಜ್ಜೆಯ ಸುತ್ತ ಇಟ್ಟು, ಮನೆಗೆ ತಂದು, ಅಜ್ಜಿಗೇಣಿನಿಂದ ಅಳೆದರೆ ಆರು ಕಡ್ಡಿ. ಎರಡರಷ್ಟು ಎಂದರೆ ಹನ್ನೆರಡು. ಗೋಡೆಯ ಮೇಲೆ ಹನ್ನೆರಡು ಕಡ್ಡಿಯ ಎತ್ತರಕ್ಕೆ ಸುಣ್ಣದ ಗುರುತು ಹಾಕಲು ನಾನು ಕುರ್ಚಿ ಹತ್ತಬೇಕಾಯಿತು. ಗುರುತು ಬಾಗಿಲ ಪಟ್ಟಿಗಿಂತ ಮೇಲಿತ್ತು. ಮಕ್ಕಳಿಬ್ಬರೂ ಅದರ ಕೆಳಗೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ.

ಮಾರನೆಯ ದಿನ ಆ ಹೊಲದಲ್ಲಿ ನೆರೆಮನೆಯ ಅಜ್ಜಿ ತುಳಿದುಹೋದ ತೆನೆಗಳನ್ನು ಮಣ್ಣಿನಿಂದ ಬಿಡಿಸುತ್ತಿದ್ದರು. ನಾವೂ ಕೂತೆವು. ಮೂವರೂ ಸೇರಿ ಮಧ್ಯಾಹ್ನದವರೆಗೆ ಆರಿಸಿದರೆ ಮೂರು ಮೊರ. ಹೊಡೆದು ತೂರಿದಾಗ ಎಷ್ಟು ಪಾವು ಬರಬಹುದೆಂದು ಮಗಳು ಕೇಳಿದಳು. ಅಜ್ಜಿ ಉತ್ತರ ಕೊಡದೆ ತೆನೆ ಆರಿಸುತ್ತಲೇ ಇದ್ದರು. ಎಲ್ಲ ಲೆಕ್ಕವನ್ನೂ ಬಾಯಿಬಿಟ್ಟು ಹೇಳಬಾರದೆಂದು ನನ್ನ ಮಗಳಿಗೆ ಅವತ್ತು ತಿಳಿದಿರಬೇಕು, ಮತ್ತೆ ಕೇಳಲಿಲ್ಲ.

ಈ ಬಗೆಯ ಕಲಿಕೆಯನ್ನು ಹೊಗಳುವಾಗ ನನ್ನನ್ನು ತಡೆದು ನಿಲ್ಲಿಸುವ ಒಂದು ನೆನಪು ನಮ್ಮ ಸೀಮೆಯದ್ದೇ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನ ಕಸುಬು ಕಲಿಯಲಿ ಎಂದು. ಅದಕ್ಕೆ ಕುಲಕ್ಕಲ್ವಿ, ಅಂದರೆ ಜಾತಿಕಸುಬಿನ ವಿದ್ಯೆ ಎಂದು ಹೆಸರಿಟ್ಟು ಪೆರಿಯಾರ್ ಮತ್ತಿತರರು ದೊಡ್ಡ ಹೋರಾಟ ಮಾಡಿದರು. 1954ರಲ್ಲಿ ರಾಜಾಜಿ ಕೆಳಗಿಳಿದು ಕಾಮರಾಜರು ಬಂದ ಮೇಲೆ ಯೋಜನೆ ರದ್ದಾಯಿತು. ರದ್ದಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕುರಿ ಕಾಯುವವನ ಮಗನಿಗೆ ಋತುಗಳ ಜ್ಞಾನ ನನ್ನ ಮಗಳಿಗಿಂತ ಹೆಚ್ಚು. ಅವನಿಗೆ ಇಲ್ಲದಿರುವುದು ಬೇರೆ ಏನನ್ನಾದರೂ ಆರಿಸಿಕೊಳ್ಳುವ ಅವಕಾಶ. ಅದನ್ನು ಕೊಡುವುದು ಶಾಲೆ ಒಂದೇ. ಕೈಕೆಲಸ ಮಗುವನ್ನು ಬೆಳೆಸುತ್ತದೆ. ಅದೇ ಕೈಕೆಲಸ ಅಪ್ಪನ ಕಸುಬಿನ ಹಗ್ಗವಾದರೆ ಕಟ್ಟಿಹಾಕುತ್ತದೆ.

ಹಾಗಾಗಿ ನಮ್ಮ ಮನೆಶಾಲೆಗೆ ಎರಡು ಕಟ್ಟಳೆ ಮಾಡಿಕೊಂಡೆವು. ಒಂದು, ನಮ್ಮ ಮನೆಯ ಕೆಲಸವನ್ನಷ್ಟೇ ಅಲ್ಲ, ಎಲ್ಲರ ಮನೆಯ ಕೆಲಸವನ್ನೂ ಮುಟ್ಟಬೇಕು. ಗೌರಿ ಗಣೇಶನ ಹೊತ್ತಿಗೆ ಕುಂಬಾರರ ಮನೆಯ ಅಂಗಳದಲ್ಲಿ ಕೆರೆಮಣ್ಣು ತುಳಿದರು. ರೇಷ್ಮೆ ಸಾಕುವ ಮನೆಯಲ್ಲಿ ಒಂದು ತಿಂಗಳು ದಿನವೂ ಹೋಗಿ ಹಿಪ್ಪುನೇರಳೆ ಸೊಪ್ಪು ಹಾಕಿದರು. ಹುಳ ನಾಲ್ಕು ಸಲ ಜ್ವರಕ್ಕೆ ಕೂತು ನಾಲ್ಕು ಸಲ ಚರ್ಮ ಬಿಟ್ಟು ಎದ್ದದ್ದನ್ನು ಕಂಡರು. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿ ಮಗ, "ಹೊರಗೆ ಮಳೆ" ಎಂದು ಬಾಗಿಲಿಗೆ ಓಡಿದ್ದ. ಎರಡು, ಆರು ತುಂಬಿದ ಜೂನಿನಲ್ಲಿ ಸರ್ಕಾರಿ ಶಾಲೆಗೆ ಸೇರಿಸಬೇಕು, ಊರಿನ ಎಲ್ಲ ಮಕ್ಕಳ ಜೊತೆ ಒಂದೇ ಚಾಪೆಯ ಮೇಲೆ.

ಸೇರಿಸಿದೆವು. 2006ರ ಕಾಯ್ದೆಯ ಪ್ರಕಾರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ತಳಿ, ಡೆಂಕಣಿಕೋಟೆಯ ಸುತ್ತ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ. ನಮ್ಮ ಹಳ್ಳಿಯದು ತಮಿಳು ಮಾಧ್ಯಮ. ಅವಳು ತಮಿಳನ್ನು ಸಂತೋಷದಿಂದ ಕಲಿಯುತ್ತಿದ್ದಾಳೆ, ಪುಳಿ ಹುಳಿಯ ದಿನದಿಂದಲೂ ಅದು ಅವಳಿಗೆ ನೆಂಟರ ಭಾಷೆ. 2022ರಲ್ಲಿ ಸರ್ಕಾರ 'ಎಣ್ಣುಮ್ ಎಳುತ್ತುಮ್' ಎಂಬ ಕಾರ್ಯಕ್ರಮ ತಂದ ಮೇಲೆ ಚಿಕ್ಕ ತರಗತಿಗಳಲ್ಲಿ ಹಾಡು, ಆಟ, ಚಟುವಟಿಕೆಗಳಿಗೆ ಜಾಗ ಸಿಕ್ಕಿದೆ. ಅವಳ ಟೀಚರಮ್ಮ ನಮ್ಮ ಮಳೆ ಪುಸ್ತಕವನ್ನು ಕೇಳಿ ತರಿಸಿಕೊಂಡು ಎರಡು ದಿನ ಇಟ್ಟುಕೊಂಡಿದ್ದರು. ಹಿಂದಿರುಗಿ ಬಂದಾಗ ಹುಬ್ಬೆ ಮಳೆಯ ಹಾಳೆಯ ಅಂಚಿನಲ್ಲಿ ಅದರ ತಮಿಳು ಹೆಸರನ್ನು ದುಂಡಗೆ ಬರೆದಿದ್ದರು: ಪೂರಂ.

ಕನ್ನಡ ಮಾತ್ರ ಮನೆಯದ್ದಾಗಿ ಉಳಿದಿದೆ. ಬೆಳಿಗ್ಗೆ ಒಂದು ಗಂಟೆ, ಭಾನುವಾರ ಪೂರ್ತಿ. ಅಕ್ಷರ ಕಲಿಸಲು ನಾನು 'ಅ ಅಗಸ, ಆ ಆಟ'ದಿಂದ ಶುರುಮಾಡಲಿಲ್ಲ. ಅವಳು ಮೊದಲು ಬರೆದ ಮಾತು ಮಳೆ. ಎರಡನೆಯದು ಅವರೆ. ಈಗ ತಮ್ಮನಿಗೆ ಅವಳೇ ಬರೆಸುತ್ತಿದ್ದಾಳೆ. ಅವನು ಳೆ ಬರೆದರೆ ಅದರ ಹೊಟ್ಟೆ ಯಾವಾಗಲೂ ಹಾಳೆಯ ಗೆರೆ ದಾಟಿ ಕೆಳಗಿಳಿಯುತ್ತದೆ.

ಎಲ್ಲರೂ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಕಲಿಸಿ ಎಂದು ನಾನು ಹೇಳಲಾರೆ. ನಮಗೆ ಹೊಲ ಇತ್ತು, ಅತ್ತೆ ಇದ್ದರು, ನನಗೆ ಬಿಡುವು ಇತ್ತು. ಸಿಪ್ಕಾಟ್ ಕಾರ್ಖಾನೆಗಳಿಗೆ ಗಂಡ ಹೆಂಡತಿ ಇಬ್ಬರೂ ಪಾಳಿಯಲ್ಲಿ ಹೋಗುವ ಮನೆಗಳು ಹೊಸೂರಿನಲ್ಲಿ ಸಾವಿರಾರಿವೆ, ಅಲ್ಲಿ ಮೂರು ವರ್ಷದ ಮಗುವಿಗೆ ಅಂಗನವಾಡಿಯೇ ತಾಯಿ. ಆದರೆ ಈಗ ಯಾವ ಮಳೆ ನಡೆಯುತ್ತಿದೆ ಎಂದು ಫೋನಿನಲ್ಲಿ ಊರಿನ ಅಜ್ಜಿಯನ್ನು ಕೇಳಿ, ಮಗುವಿಗೆ ಹೇಳಿ, ಮಹಡಿಯ ಮೇಲೆ ಒಂದು ಬಾಟಲಿ ಇಡುವುದು ಯಾವ ಮನೆಯಲ್ಲೂ ಆಗುತ್ತದೆ.

ಹೊಸೂರಿನಿಂದ ನಮ್ಮ ಕಡೆಗೆ ಬಸ್ಸು ಬೇಕಾದಷ್ಟಿವೆ. ಸಂಕ್ರಾಂತಿ ಕಳೆಯುವವರೆಗೂ ಸೊಗಡಿನ ಅವರೆ ಇರುತ್ತದೆ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಜಗಲಿ ದೊಡ್ಡದಿದೆ, ಕಾಯಿ ರಾಶಿ ಬಿದ್ದಿದೆ, ಸುಲಿಯಲು ಕೈ ಸಾಲುತ್ತಿಲ್ಲ.